ರಾಕ್ಷಸನ ಒಳಗಿದ್ದ ಬಾಳೂ ಕಾಕಾ

ಆ ಸಿನಿಮಾಕ್ಕೆ ನಾನು ಕೊಟ್ಟದ್ದು ಹದಿನೆಂಟು ಸಾವಿರ ರೂಪಾಯಿ. ಟಿಕೆಟ್ಟಿಗಲ್ಲ; ಹಳೆಯ ಕಪ್ಪು-ಬಿಳುಪು ರೀಲುಗಳನ್ನು ಪುಣೆಯಲ್ಲಿ ಬಿಡಿಸಿ, ತೊಳೆದು, ಪೆನ್‌ಡ್ರೈವಿಗೆ ಇಳಿಸಿ ಕೊಡುವುದಕ್ಕೆ. ನಿಪ್ಪಾಣಿಯಲ್ಲಿ ನನ್ನನ್ನು ಬಲ್ಲವರು ಇದನ್ನು ನಂಬುವುದಿಲ್ಲ. ಹಳೆ ಸಾಮಾನಿನ ವ್ಯಾಪಾರ ನನ್ನದು. ತಲೆಯ ಮೇಲೆ ಬುಟ್ಟಿ ಹೊತ್ತು ಶುರು ಮಾಡಿದವನು ನಾನು, ಕೊತ್ತಂಬರಿ ಸೂಡಿಗೂ ಚೌಕಾಸಿ ಮಾಡದೆ ಬಿಟ್ಟವನಲ್ಲ. ಆದರೆ ಪುಣೆಯವನು ರೇಟು ಹೇಳಿದಾಗ ಸುಮ್ಮನೆ ‘ಹೂಂ’ ಅಂದೆ. ಚೌಕಾಸಿಗೆ ಕೂತರೆ ದಿನಗಳು ಹೋಗುತ್ತವೆ. ಬಾಳೂ ಕಾಕಾನ ಹತ್ತಿರ ದಿನಗಳು ಹೆಚ್ಚು ಉಳಿದಂತೆ ಕಾಣುತ್ತಿರಲಿಲ್ಲ.

ಬಾಳೂ ಕಾಕಾ ಎಂದರೆ ಪಕ್ಕದ ಭೋಜ ಊರಿನ ಬಾಳಗೊಂಡ ಪೈಲ್ವಾನ. ಯಾವ ಬಾಗಿಲು ಎದುರಾದರೂ ಬಗ್ಗಿ ಹೊಸ್ತಿಲು ಮುಟ್ಟಿ, ಆ ಕೈಯನ್ನು ಹಣೆಗೊಮ್ಮೆ ಎದೆಗೊಮ್ಮೆ ಒತ್ತಿಕೊಂಡೇ ಒಳಗೆ ಕಾಲಿಡುವ ಮನುಷ್ಯ. ತಾಲೀಮಿನ, ಅಂದರೆ ಗರಡಿಯ, ಮಣ್ಣಿಗೆ ಇಳಿಯುವಾಗ ಕುಸ್ತಿಯವರು ಪಾಲಿಸುವ ಪದ್ಧತಿ ಅದು. ಅವನು ಕುಸ್ತಿ ಬಿಟ್ಟ, ಎಮ್ಮೆ ಕಟ್ಟಿದ, ಮುದುಕನಾದ. ಕೈ ಮಾತ್ರ ಆ ಚಾಳಿ ಬಿಡಲಿಲ್ಲ. ಬ್ಯಾಂಕಿಗೆ ಹೋದರೂ ಅಷ್ಟೇ, ಕಟಿಂಗ್ ಅಂಗಡಿಗೆ ಹೋದರೂ ಅಷ್ಟೇ. ಬಸ್ಸು ಹತ್ತುವಾಗ ಅವನು ಮೆಟ್ಟಿಲಿಗೆ ಬಗ್ಗಿದರೆ ಹಿಂದಿನವರು ಅವನ ಬೆನ್ನಿಗೆ ಡಿಕ್ಕಿ ಹೊಡೆಯುತ್ತಿದ್ದರು.

ದಿನಾ ಬೆಳಿಗ್ಗೆ ಹಾಲು ಹಾಕಿ ಬರುವಾಗ ನನ್ನ ಅಂಗಡಿಯಲ್ಲಿ ಚಹಾಕ್ಕೆ ಕೂರುತ್ತಿದ್ದ. ಒಮ್ಮೆ ಗಿರಾಕಿಯೊಬ್ಬರು ಅವನು ಬಗ್ಗುವುದನ್ನು ನೋಡಿ, “ಒಳಗ ದೇವರ ಐತೇನ್ರಿ?” ಎಂದು ಕೇಳಿದರು.

“ದೇವರಿಲ್ರಿ, ಶೇಠ ಅದಾನ. ಕೈ ಮುಗದ ಒಳಗ ಹೋಗ್ರಿ, ಇಲ್ಲಂದ್ರ ಪೂರಾ ಬೋಳಸ್ತಾನ,” ಅಂದ ಕಾಕಾ, ನನ್ನ ಕಡೆ ಕೈ ಮಾಡಿ. ಆ ಗಿರಾಕಿ ಅವತ್ತು ಕಪಾಟಿನ ರೇಟನ್ನು ಅರ್ಧಕ್ಕಿಳಿಸಿ ಕೇಳಿದರು.

ಕಾಕಾನ ಎಡ ಭುಜ ಇಳಿದಿತ್ತು. ಹರೆಯದಲ್ಲಿ ಯಾವುದೋ ಕುಸ್ತಿಯಲ್ಲಿ ಕೀಲು ತಪ್ಪಿದ್ದು ಸರಿ ಕೂಡಿರಲಿಲ್ಲ. ಕೈ ಖಾಲಿ ಇದ್ದಾಗಲೂ ಹಾಲಿನ ಕ್ಯಾನು ಹಿಡಿದವನಂತೆ ಎಡಕ್ಕೆ ವಾಲಿ ನಡೆಯುತ್ತಿದ್ದ. ಆ ನಡಿಗೆಯೇ ಅವನನ್ನು ಸಿನಿಮಾಕ್ಕೆ ಸೇರಿಸಿದ್ದು.

ಕೊಲ್ಹಾಪುರದ ತಾಲೀಮಿನಲ್ಲಿದ್ದಾಗ ಸ್ಟುಡಿಯೋದವರು ದಪ್ಪ ಆಳು ಹುಡುಕಿಕೊಂಡು ಬಂದು, ಇವನು ವಾಲಿ ನಡೆಯುವುದನ್ನು ನೋಡಿ ಆರಿಸಿದ್ದರಂತೆ. ನಗಿಸುವ, ಹೆದರಿಸುವ ಮರಾಠಿ ಸಿನಿಮಾ. ಒಂದು ಪಾಳು ಬಂಗಲೆ, ಇಬ್ಬರು ಪುಕ್ಕಲು ಪತ್ತೇದಾರರು, ಕತ್ತಲಾದರೆ ಬಂದು ಮಂದಿಯನ್ನು ಹೊತ್ತೊಯ್ಯುವ ಮೈತುಂಬ ಕೂದಲಿನ ರಾಕ್ಷಸ. ಗೋಣಿತಟ್ಟಿಗೆ ಆಡಿನ ಕೂದಲು ಅಂಟಿಸಿದ ಆ ವೇಷದ ಒಳಗಿದ್ದವನು ಬಾಳೂ ಕಾಕಾ.

“ಒಳಗ ಇಟ್ಟಂಗಿ ಭಟ್ಟಿ ಇದ್ದಂಗ ಇತ್ತ ಶೇಠ,” ಅನ್ನುತ್ತಿದ್ದ. “ಕಣ್ಣಿಗಿ ಎರಡ ತೂತು, ಅಷ್ಟ. ಬಾಗಲಾ ದಾಟಿ ಹೋಗಿ ಹೀರೋಯಿನ್ನಿಗಿ ಎತ್ತಬೇಕು. ಬಾಗಲಾ ಬಂತು, ಕೈ ತಾನ ಕೆಳಗ ಹೋತು. ಡೈರೆಕ್ಟರ್ ಒದರಿದಾ, ‘ಏ ಪೈಲ್ವಾನ, ರಾಕ್ಷಸ ಆಗಿ ನಮಸ್ಕಾರ ಮಾಡ್ತಿಯಲ್ಲೋ!’ ಮತ್ತ ತಗದ್ರು. ಮತ್ತ ಕೈ ಹೋತು. ಕಡೀಕ ರೀಲ ತೀರಾಕ ಬಂತು. ‘ಇರ್ಲಿ, ಆ ತುಂಡ ಕತ್ತರಿಸಿ ಒಗಿತೀನಿ’ ಅಂದಾ.”

ಸಿನಿಮಾದ ಕೊನೆಗೆ ಪತ್ತೇದಾರರು ರಾಕ್ಷಸನನ್ನು ಹಿಡಿದು ಮುಖವಾಡ ಕೀಳುತ್ತಾರೆ. ಒಳಗಿರುವವನು ಬಂಗಲೆಯ ಕಾರಭಾರಿ. ದಪ್ಪ ಮೀಸೆಯ, ಎಲ್ಲರಿಗೂ ಪರಿಚಯವಿದ್ದ ನಟ. ಆ ಒಂದು ದೃಶ್ಯಕ್ಕಷ್ಟೇ ಅವನು ವೇಷ ಹಾಕಿದ್ದ. “ಬೆವರ ನಂದು, ಮುಖಾ ಅವಂದು” ಎಂದು ಕಾಕಾ ನಗುತ್ತಿದ್ದ.

ಆ ನಗು ಪೂರ್ತಿ ನಗುವಲ್ಲ ಎಂದು ನನಗೆ ತಿಳಿದದ್ದು ಅವನ ಮನೆಯ ಊಟದಲ್ಲಿ. ತನ್ನ ಮದುವೆಯ ದಿನ ಪಂಕ್ತಿಯಲ್ಲಿ ಕೂತು ಕಾಕಾ, ಆ ಸಿನಿಮಾದ ರಾಕ್ಷಸ ತಾನೇ ಎಂದು ಹೆಂಡತಿಯ ಅಣ್ಣಂದಿರಿಗೆ ಹೇಳಿದ್ದನಂತೆ. ಅವರು ಅದಾಗಲೇ ಯಡೂರಿನ ಟೆಂಟಿನಲ್ಲಿ ಸಿನಿಮಾ ನೋಡಿ ಬಂದವರು. ಮೀಸೆಯವನ ಮುಖ ಕಣ್ಣಾರೆ ಕಂಡವರು. ಅವತ್ತು ಹಿಡಿದ ಚೇಷ್ಟೆಯನ್ನು ಮುದುಕರಾದರೂ ಬಿಟ್ಟಿರಲಿಲ್ಲ. ನಾನಿದ್ದ ದಿನವೂ ದೊಡ್ಡ ಅಣ್ಣ ತಂಗಿಯ ಗಂಡನನ್ನು ನಮ್ಮ ಗಡಿಯವರ ವಾಡಿಕೆಯಂತೆ ದಾಜಿ ಎಂದೇ ಕರೆದು, “ಏನ್ ದಾಜಿ, ಇವತ್ತ ಯಾರ ಮುಖಾ ಹಾಕ್ಕೊಂಡ ಬಂದೀರಿ?” ಅಂದ. ಎಲ್ಲರೂ ನಕ್ಕರು. ಕಾಕಾ ಎಲ್ಲರಿಗಿಂತ ಜೋರಾಗಿ ನಕ್ಕ. ಅವನ ಹೆಂಡತಿ ಅಕ್ಕಾತಾಯಿ ಕಾಕು ರೊಟ್ಟಿ ನೀಡಿ ಒಳಗೆ ಹೋದಳು.

ಹೊರಗೆ ಬಂದ ಮೇಲೆ ಕಾಕಾ ಮೆಲ್ಲಗೆ ಹೇಳಿದ: “ನೋಡಿದಿಲ್ಲ? ಆಕಿ ಹೌದೂ ಅನ್ನಂಗಿಲ್ಲ, ಅಲ್ಲಾ ಅನ್ನಂಗಿಲ್ಲ. ಊರ ನನ್ನ ಸುಳ್ಳಬುರಕ ಅಂದ್ರ ಅನ್ನಲಿ. ಆಕಿ ಮನಸ್ನ್ಯಾಗ ಏನ ಐತೋ ಶೇಠ, ಇಷ್ಟ ವರ್ಷ ಆದ್ರೂ ತಿಳೀಲಿಲ್ಲ. ಒಮ್ಮೆ ಆಕಿ ಸಿನಿಮಾ ನೋಡಬೇಕು. ಮುಖಾ ಬ್ಯಾಡ, ನನ್ನ ನಡಗಿ ಹಿಡೀತಾಳ.”

ತೋರಿಸಲು ಸಿನಿಮಾ ಎಲ್ಲಿತ್ತು? ಅದು ಬಂದಾಗ ಅವನು ಬೇರೆ ಊರಿನ ಕುಸ್ತಿಯಲ್ಲಿದ್ದ. ಆಮೇಲೆ ಅದು ಮತ್ತೆ ಬರಲೇ ಇಲ್ಲ. ತನ್ನ ಸಿನಿಮಾವನ್ನು ತಾನೇ ನೋಡಿರಲಿಲ್ಲ.

ಹೋದ ವರ್ಷ ಅಥಣಿ ಕಡೆ ಬಂದ್ ಬಿದ್ದ ಟಾಕೀಜೊಂದರ ಸಾಮಾನು ಕೊಂಡೆ. ಕುರ್ಚಿ, ಫ್ಯಾನುಗಳ ಹಿಂದೆ ತಗಡಿನ ಡಬ್ಬಿಗಳು ಸಿಕ್ಕವು. ಚೀಟಿ ಹರಿದುಹೋಗಿತ್ತು. ಒಂದು ತುಂಡು ರೀಲನ್ನು ಬಿಸಿಲಿಗೆ ಹಿಡಿದರೆ ಮೈತುಂಬ ಕೂದಲಿನ ಆಕೃತಿ ಕಂಡಿತು. ಕಾಕಾನಿಗೆ ತಂದು ತೋರಿಸಿದೆ. ಅವನೂ ಅದನ್ನು ಬಿಸಿಲಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿದ. ಆಮೇಲೆ ಅಂದ: “ಎಡ ಭುಜ ನೋಡಲೇ. ಇಳದೈತಿಲ್ಲ? ನಾನ ಇಂವ.”

ಪುಣೆಯವನು ರೀಲು ಒಂದಕ್ಕೊಂದು ಅಂಟಿದೆ, ಕೈಯಿಂದಲೇ ಬಿಡಿಸಬೇಕು, ತಡವಾಗುತ್ತದೆ ಅಂದ. ಕಾಕಾ ದಿನಾ ಬೆಳಿಗ್ಗೆ ಬಂದು ಚಹಾದ ಮೊದಲು “ಬಂತೇನೋ?” ಅನ್ನುತ್ತಿದ್ದ. ಮಳೆಗಾಲ ಮುಗಿಯಿತು. ಕಬ್ಬಿನ ಗಾಡಿಗಳು ಫ್ಯಾಕ್ಟರಿಗೆ ಸಾಲು ಹಿಡಿದವು. ಕಡೆಯ ಸಲ ಬಂದಾಗ ಹೊಸ ಟೋಪಿ ಹಾಕಿದ್ದ. “ಆಕಿಗಿ ಇನ್ನೂ ಹೇಳಿಲ್ಲ. ಸುಮ್ನ ಕರ್ಕೊಂಡ ಬಂದ ಕೂಡಸ್ತೀನಿ. ಏನಂತಾಳ ನೋಡೂಣು,” ಅಂದ. ಎದ್ದು ಹೋಗುವಾಗ ಎಡಕ್ಕೆ ವಾಲಿದ ಆ ಬೆನ್ನನ್ನು ನಾನು ರಸ್ತೆ ತಿರುವಿನ ತನಕ ನೋಡಿದ್ದೇಕೋ ಗೊತ್ತಿಲ್ಲ.

ಆ ವಾರವೇ ಎಮ್ಮೆ ಹಿಂಡಿ ಗೋಡೆಗೆ ಒರಗಿ ಕೂತವನು ಏಳಲಿಲ್ಲ. ಪೆನ್‌ಡ್ರೈವ್ ಬಂದದ್ದು ಅವನ ದಿನಕರ್ಮವೆಲ್ಲ ಮುಗಿದ ಮೇಲೆ.

ಒಂದು ಮಧ್ಯಾಹ್ನ ಭೋಜಕ್ಕೆ ಹೋಗಿ ಅವರ ಟೀವಿಗೆ ಹಾಕಿದೆ. ಅಕ್ಕಾತಾಯಿ ಕಾಕು ಗೋಡೆಗೆ ಒರಗಿ ಕೂತಳು. ಯಾವ ಸಿನಿಮಾ ಎಂದು ಕೇಳಲಿಲ್ಲ. ಬಂಗಲೆ ಬಂತು, ಗಾಳಿ ಬೀಸಿತು, ಪತ್ತೇದಾರರು ಮಂಚದ ಕೆಳಗೆ ತೂರಿಕೊಂಡರು. ರಾಕ್ಷಸ ಎಡಕ್ಕೆ ವಾಲುತ್ತ ಬಾಗಿಲಿಗೆ ಬಂದ. ಬಗ್ಗಿದ. ಹೊಸ್ತಿಲು ಮುಟ್ಟಿ, ಹಣೆಗೆ, ಎದೆಗೆ ಒತ್ತಿಕೊಂಡ. ಆ ತುಂಡನ್ನು ಯಾರೂ ಕತ್ತರಿಸಿರಲಿಲ್ಲ.

ಕಾಕು ಬಾಯಿಗೆ ಸೆರಗು ಒತ್ತಿ ನಕ್ಕಳು. “ಆಗೂ ಇಲ್ಲೇ ನಕ್ಕಿದ್ದೆ,” ಅಂದಳು.

“ಆಗ ಅಂದ್ರ ಯಾವಾಗ್ರಿ ಕಾಕು?”

“ಲಗ್ನಕ್ಕಿಂತ ಮೊದಲ. ಸೋದರತ್ತಿ ಜೋಡಿ ಕದ್ದು ಯಡೂರ ಟೆಂಟಿಗಿ ಹೋಗಿದ್ದೆ. ಆಮ್ಯಾಲ ಇವರು ಕನ್ಯಾ ನೋಡಾಕ ಬಂದ್ರು. ನಾ ಒಳಗ ನಿಂತು ನೋಡಾಕತ್ತಿದ್ದೆ. ಹೊಸ್ತಲಾ ಮುಟ್ಟಿ, ಹಣಿಗಿ, ಎದಿಗಿ ಹಚ್ಚಿಕೊಂಡ ಒಳಗ ಬಂದ್ರು. ಇವರ ಅಂತ ಅವಾಗ ಗೊತ್ತಾತು. ಅಣ್ಣಗೋಳು ಮುಖಾ ನೋಡಿದ್ರು, ನಾ ಕೈ ನೋಡಿದ್ದೆ. ಹೆದರಸಾಕ ಹೋಗೂ ಮನಿಗೂ ಕೈ ಮುಗದ ಹೋಗ್ತಾರು, ಇಂಥವರ ಮನಿಗಿ ಹೋಗಾಕ ನನಗೇನ ಹೆದರಿಕಿ ಅಂತ ಹೂಂ ಅಂದೆ.”

ನಾನು ಟೀವಿಯ ಸದ್ದು ತಗ್ಗಿಸಿದೆ. “ಕಾಕಾಗ ಇದನ್ನ ಹೇಳಿರಲಿಲ್ಲೇನ್ರಿ?”

“ಕದ್ದ ಸಿನಿಮಾಕ್ಕ ಹೋಗಿದ್ದೆ ಅಂತ ಅತ್ತಿ ಮನ್ಯಾಗ ಹೆಂಗ ಹೇಳಲೋ ತಮ್ಮಾ? ಅತ್ತಿ ತೀರಿದ ಮ್ಯಾಲ ಮಕ್ಕಳು, ಎಮ್ಮಿ, ಹಾಲು. ಅವರಿಗೆ ಗೊತ್ತಿರಬೇಕ ಅಂತ ನಾ ಬಿಟ್ಟೆ. ಅವರೂ ಒಮ್ಮೆರ ಕೇಳಲಿಲ್ಲ.” ಸೆರಗು ಕಣ್ಣಿಗೆ ಹೋಯಿತು. “ಕೇಳಬೇಕಂತ ಇತ್ತೇನ ಅವರಿಗೆ?”

ವ್ಯಾಪಾರದಲ್ಲಿ ಎಷ್ಟೋ ಸುಳ್ಳು ಹೇಳಿದವನು, ಅಲ್ಲಿ ಒಂದು ಹೇಳಲಾಗಲಿಲ್ಲ. “ಹೌದ್ರಿ” ಅಂದೆ.

ಟೀವಿಯಲ್ಲಿ ಪತ್ತೇದಾರರು ರಾಕ್ಷಸನ ಮೇಲೆ ಬಿದ್ದಿದ್ದರು. ಒಬ್ಬ ಮುಖವಾಡಕ್ಕೆ ಕೈ ಹಾಕಿದ.

“ಬಂದ್ ಮಾಡಪಾ,” ಅಂದಳು ಕಾಕು. “ಇಲ್ಲಿಂದ ಮುಂದ ಅವರಿಲ್ಲ.”

ಅದಕ್ಕೇ ನಿಮಗೆ ಹೇಳುತ್ತೇನೆ. ಮನೆಯಲ್ಲಿ ಹಳೆಯ ರೀಲು, ಕ್ಯಾಸೆಟ್ಟು, ಮದುವೆಯ ವಿಡಿಯೋ ಇದ್ದರೆ ತಗಡಿನ ಶೆಡ್ಡಿನಲ್ಲಿ ಇಡಬೇಡಿ, ಕಾದು ಅಂಟಿಕೊಳ್ಳುತ್ತವೆ. ಡಬ್ಬಿ ತೆಗೆದಾಗ ಹುಳಿ ವಾಸನೆ ಬಂದರೆ ನಾಳೆ ಅನ್ನದೆ ತೊಳೆದು ಇಳಿಸಿ ಕೊಡುವವರಿಗೆ ಒಯ್ದು ಕೊಡಿ. ರೇಟು ಇಳಿಸಿ ಕೇಳಿ, ಅದು ಬೇಡ ಅನ್ನುವವನು ನಾನಲ್ಲ. ಆದರೆ ಗಂಡನಿಗೋ ಹೆಂಡತಿಗೋ ಕೇಳುವ ಮಾತೊಂದು ಉಳಿದಿದ್ದರೆ ಅದಕ್ಕೆ ಸಿನಿಮಾ ಬರುವ ತನಕ ಕಾಯಬೇಡಿ. ಇವತ್ತು ಊಟಕ್ಕೆ ಕೂತಾಗ, ರೊಟ್ಟಿ ನೀಡಿ ಅವರು ಒಳಗೆ ಹೋಗುವ ಮೊದಲೇ ಕೇಳಿಬಿಡಿ.