ಬೀರುವಿನ ನಡುಹಲಗೆ

ನಮ್ಮ ಮಲಗುವ ಕೋಣೆಯ ಬಾಗಿಲ ಹಿಂದೆ ಒಂದು ಹಲಗೆ ಗೋಡೆಗೆ ಒರಗಿ ನಿಂತಿದೆ. ನೀವು ನಮ್ಮ ಮನೆಗೆ ಬಂದರೆ ಆ ಬಾಗಿಲು ಪೂರ್ತಿ ತೆರೆಯದೆ ಅರ್ಧಕ್ಕೇ ಟಕ್ಕೆಂದು ನಿಂತುಬಿಡುವುದು ಈ ಮಹಾರಾಯನ ದೆಸೆಯಿಂದಲೇ. ಗೋಡೆಯೊಳಗೆ ಕೂರಿಸಿದ ಬಟ್ಟೆಬೀರುವಿನ ನಡುಹಲಗೆ ಅದು. ಕೊರೋನಾದ ಮೊದಲ ಬೇಸಿಗೆಯಲ್ಲಿ ತಿರುಪು ಬಿಚ್ಚಿ ಹೊರಗಿಟ್ಟದ್ದು ಇಂದಿಗೂ ಸ್ವಸ್ಥಾನಕ್ಕೆ ಮರಳಿಲ್ಲ. ಪ್ರತಿ ದೀಪಾವಳಿಗೂ ಅದರ ಮೈಮೇಲಿನ ಧೂಳು ಒರೆಸಿ, ಒಂದು ಗಳಿಗೆ ಹಜಾರದಲ್ಲಿ ಕೂರಿಸಿ, ಹಬ್ಬದ ಗೌರವವನ್ನೆಲ್ಲ ಸಲ್ಲಿಸಿ, ಮತ್ತೆ ಬಾಗಿಲ ಹಿಂದಕ್ಕೇ ಕಳುಹಿಸುತ್ತೇವೆ. ಬಂದವರೆಲ್ಲ ಅದನ್ನೇಕೆ ಹಾಗೆ ಇಟ್ಟಿದ್ದೀರಿ ಎಂದು ಕೇಳುತ್ತಾರೆ. ನೀವೂ ಕೇಳುವವರೇ, ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ.

ನಾನು ಮುಖವಿಲ್ಲದ ಕಲಾವಿದೆ. ಕನ್ನಡದ ಗಂಧಗಾಳಿಯಿಲ್ಲದ ನಾಯಕಿಯರು ಕನ್ನಡ ಚಿತ್ರಗಳಲ್ಲಿ ಬಿಕ್ಕಿ ಬಿಕ್ಕಿ ಅತ್ತಾಗ ಕಣ್ಣೀರು ಅವರದು, ಬಿಕ್ಕು ನನ್ನದು. ಮೈಸೂರಿನಿಂದ ಮದುವೆಯಾಗಿ ಈ ಮದ್ರಾಸಿಗೆ ಬಂದು, ಕೋಡಂಬಾಕ್ಕಂನ ಒಂದು ಕತ್ತಲೆ ಕೋಣೆಯಲ್ಲಿ ಡಬ್ಬಿಂಗ್ ಮೈಕಿನ ಮುಂದೆ ನಿಂತವಳು, ಅಲ್ಲಿಯೇ ನಿಂತುಬಿಟ್ಟೆ. ನನ್ನನ್ನು ಆ ಮೈಕಿನ ಮುಂದೆ ನಿಲ್ಲಿಸಿದವರು ಸರಸಕ್ಕ. ಅವರು ಎಲ್ಲ ನಾಯಕಿಯರ ತಾಯಿ, ನಾನು ಎಲ್ಲ ತಾಯಂದಿರ ಮಗಳು. ಇಬ್ಬರು ಒಂದೇ ಮೈಕಿಗೆ ಮಾತಾಡುವಾಗ ಕಣ್ಣು ಪರದೆಯ ಮೇಲಿನ ತುಟಿಗಳನ್ನು ಬಿಟ್ಟು ಕದಲುವಂತಿಲ್ಲ. ಒಬ್ಬರನ್ನೊಬ್ಬರು ನೋಡುವಂತಿಲ್ಲ, ಸನ್ನೆ ಮಾಡುವಂತಿಲ್ಲ. ಅದಕ್ಕಾಗಿ ಸರಸಕ್ಕ ನನ್ನ ಮಣಿಕಟ್ಟು ಹಿಡಿದುಕೊಳ್ಳುತ್ತಿದ್ದರು. ತಮ್ಮ ಮಾತು ಮುಗಿಯಲು ಇನ್ನೊಂದು ಉಸಿರಿದೆ ಎನ್ನುವಾಗ ಮೆಲ್ಲಗೆ ಒತ್ತುವರು, ನನ್ನ ಮಾತು ತಾನಾಗಿ ಹೊರಡುವುದು. ಅದು ಬರಿಯ ಕಾಲಸೂಚನೆಯೆಂದು ನಾನು ಬಹಳ ವರ್ಷ ನಂಬಿಕೊಂಡಿದ್ದೆ.

ಆಮೇಲೆ ಊರಿಗೆ ಊರೇ ಬಾಗಿಲು ಹಾಕಿಕೊಂಡಿತು. ಕರ್ನಾಟಕದಲ್ಲಿ ಧಾರಾವಾಹಿಗಳ ಚಿತ್ರೀಕರಣ ನಿಂತು, ತೋರಿಸಲು ಏನೂ ಇಲ್ಲದೆ, ಹಳೆಯದೊಂದು ತಮಿಳು ಧಾರಾವಾಹಿಗೆ ಕನ್ನಡದ ಮಾತು ಕೂರಿಸುವ ಕೆಲಸ ನಮ್ಮ ಪಾಲಿಗೆ ಬಂತು. ಸ್ಟುಡಿಯೋಗೆ ಬೀಗ ಬಿದ್ದಿತ್ತಾದ್ದರಿಂದ ಎಲ್ಲರೂ ಅವರವರ ಮನೆಯಲ್ಲೇ ಧ್ವನಿ ಮುದ್ರಿಸಿ ಕಳುಹಿಸಬೇಕು. ಆದರೆ ಮದ್ರಾಸಿನ ಅಪಾರ್ಟ್‌ಮೆಂಟಿನಲ್ಲಿ ನಿಶ್ಶಬ್ದವನ್ನು ಎಲ್ಲಿಂದ ತರುವುದು? ಮೇಲಿನ ಮನೆಯ ಕುಕ್ಕರು, ಕಿಟಕಿಯ ಕಾಗೆ, ಪಕ್ಕದ ಕೋಣೆಯಲ್ಲಿ ನಮ್ಮವರು. ಇವರು ರಾಯಪುರಂ ಕಡೆಯ ಹಡಗು ಸಾಗಣೆಯ ಕಚೇರಿಯೊಂದರಲ್ಲಿ ಕೆಲಸಕ್ಕಿದ್ದಾರೆ. ಆಗ ಮನೆಯಿಂದಲೇ ಬಂದರನ್ನು ನಡೆಸುತ್ತಿದ್ದರು, ಅದೂ ಹಡಗಿಗೆ ನೇರವಾಗಿ ಕೇಳಿಸಬೇಕೆಂಬ ಹಟದಿಂದ. ಕೊನೆಗೆ ಸೌಂಡ್ ಎಂಜಿನಿಯರ್ ಫೋನಿನಲ್ಲಿ ಒಂದು ಉಪಾಯ ಹೇಳಿಕೊಟ್ಟ. ಬಟ್ಟೆ ತುಂಬಿದ ಬೀರುವಿನೊಳಗೆ ಕೂತರೆ ಸ್ಟುಡಿಯೋಗಿಂತ ಒಳ್ಳೆಯ ಮೌನ ಸಿಗುತ್ತದಂತೆ.

ಹೀಗೆ ನಡುಹಲಗೆ ಹೊರಬಂತು, ನಾನು ಒಳಹೋದೆ. ಮೈಸೂರಿನಿಂದ ತಂದಿದ್ದ, ಈ ಊರಿನ ಹವೆಗೆ ಒಂದು ದಿನವೂ ಬೇಕಾಗದಿದ್ದ ರಜಾಯಿಗೆ ಕೊನೆಗೂ ಒಂದು ಉದ್ಯೋಗ ಸಿಕ್ಕಿತು. ಅದು ನನ್ನ ಬೆನ್ನ ಹಿಂದಿನ ಗೋಡೆಯಾಯಿತು. ಎಡಕ್ಕೆ ಮದುವೆಯ ಸೀರೆಗಳು, ಬಲಕ್ಕೆ ಇವರ ಅಂಗಿಗಳು, ತಲೆಯ ಮೇಲೆ ಡಾಂಬರು ಗುಳಿಗೆಯ ಘಾಟು. ಫ್ಯಾನು ಹಾಕುವಂತಿಲ್ಲ. ಮೇ ತಿಂಗಳ ಮಧ್ಯಾಹ್ನ ಮನೆಮನೆಯ ಕುಕ್ಕರು ಸುಮ್ಮನಾಗಿ ಕಟ್ಟಡವೆಲ್ಲ ತೂಕಡಿಸುವಾಗ, ನಾನು ಬೀರುವಿನಲ್ಲಿ ಕೂತು, ಬೆವರನ್ನೂ ಕಣ್ಣೀರನ್ನೂ ಒಂದೇ ಟವೆಲಿನಿಂದ ಒರೆಸಿಕೊಳ್ಳುತ್ತಿದ್ದೆ.

ಬೀರುವಿನ ಆಚೆ ಪಕ್ಕದ ಮನೆಯ ಮಾಮಿಯ ದೇವರ ಮನೆಯಿದೆ ಎಂಬುದನ್ನು ನಾನು ಯೋಚಿಸಿರಲಿಲ್ಲ. ದಿನವೂ ಅದೇ ಹೊತ್ತಿಗೆ ಗೋಡೆಯೊಳಗಿಂದ ಹೆಣ್ಣಿನ ಅಳು, ತವರಿಗೆ ಕಳುಹಿಸಿಬಿಡಿ ಎಂಬ ಗೋಗರೆತ. ಮಾಮಿಗೆ ಕನ್ನಡ ಬಾರದಿದ್ದರೂ ಅಳು ಚೆನ್ನಾಗಿ ಬರುತ್ತದೆ. ಒಂದು ಸಂಜೆ ಮೂಗು ಬಾಯಿ ಮುಚ್ಚಿಕೊಂಡು, ಒಂದು ತಂಬಿಗೆ ರಸಂ ಹಿಡಿದು ಬಾಗಿಲಿಗೆ ಬಂದರು. ನನ್ನ ಊದಿದ ಕಣ್ಣನ್ನು ನೋಡಿ, ತಗ್ಗಿದ ದನಿಯಲ್ಲಿ, ಏನಿದ್ದರೂ ನನ್ನ ಹತ್ತಿರ ಹೇಳು, ನನ್ನ ತಮ್ಮ ವಕೀಲ ಎಂದರು. ಹಿಂದೆ ನಿಂತಿದ್ದ ಇವರತ್ತ ಅವರು ಬೀರಿದ ನೋಟಕ್ಕೆ, ಅಪ್ಪಿತಪ್ಪಿಯೂ ಒಂದು ಇರುವೆಯನ್ನು ಬೈಯದ ನಮ್ಮವರು ಎರಡು ಹೆಜ್ಜೆ ಹಿಂದಕ್ಕೆ ಸರಿದರು. ಸತ್ಯ ತಿಳಿಸುವಷ್ಟರಲ್ಲಿ ರಸಂ ಆರಿತ್ತು. ತಿಳಿದ ಮೇಲೆ ಮಾಮಿಗೆ ತುಸು ನಿರಾಸೆಯೇ ಆಯಿತೆಂದು ನನ್ನ ಗುಮಾನಿ.

ವಿಪರ್ಯಾಸ ನೋಡಿ: ಮಾಮಿಯನ್ನು ಓಡಿಬರುವಂತೆ ಮಾಡಿದ ಆ ಅಳು ನಮ್ಮ ಡಬ್ಬಿಂಗ್ ನಿರ್ದೇಶಕರನ್ನು ಮಾತ್ರ ಅಲುಗಿಸಲಿಲ್ಲ. ತವರಿನಿಂದ ಹೊರಡುವ ಮಗಳಿಗೆ ತಾಯಿ ಉಂಡು ಹೋಗೆನ್ನುವ ಒಂದು ಪುಟ್ಟ ದೃಶ್ಯ. ಸರಸಕ್ಕ ತಮ್ಮ ಮನೆಯಲ್ಲಿ ತಮ್ಮ ಮಾತುಗಳನ್ನು ಮುಗಿಸಿ ಆಗಲೇ ಕಳುಹಿಸಿದ್ದರು. ನಾನು ಕಳುಹಿಸಿದ್ದೆಲ್ಲ ಹಿಂದಕ್ಕೆ ಬರುತ್ತಿತ್ತು. ತುಟಿಗೆ ಸರಿಯಾಗಿ ಕೂತಿದೆ, ಉಚ್ಚಾರ ಚೆನ್ನಾಗಿದೆ, ಆದರೆ ಗೋಡೆಗೆ ಹೇಳಿದ ಹಾಗಿದೆ ಎಂದರು ನಿರ್ದೇಶಕರು. ಗೋಡೆಗೇ ಹೇಳಿದ್ದೆನಲ್ಲ, ಏನೆಂದು ವಾದಿಸಲಿ? ಇನ್ನೊಂದು ದಿನ ನೋಡುತ್ತೇನೆ, ಆಗದಿದ್ದರೆ ಪಾತ್ರವನ್ನು ಬೆಂಗಳೂರಿನ ಯಾರಿಗಾದರೂ ಕೊಡಬೇಕಾಗುತ್ತದೆ ಎಂದು ಅವರು ಸಂಕೋಚದಿಂದಲೇ ಹೇಳಿದರು. ಆ ಸಂಕೋಚ ನನ್ನನ್ನು ಹೆಚ್ಚು ಹೆದರಿಸಿತು. ಪಾತ್ರ ಹೋದರೆ ಹೋಗಲಿ. ನನ್ನೊಳಗಿನ ಅಳುವ ಶಕ್ತಿಯೇ ಬತ್ತಿತೇ ಎಂಬ ಭಯ. ಅದು ಬಿಟ್ಟರೆ ನನಗೆ ಬರುವ ವಿದ್ಯೆ ಬೇರಿಲ್ಲ.

ಆ ದಿನಗಳಲ್ಲಿ ಏಕಾಂತದ ಗುಣಗಾನ ಬಹಳ ನಡೆಯುತ್ತಿತ್ತು. ಬರೆಯುವವರಿಗೆ, ಚಿತ್ರ ಬಿಡಿಸುವವರಿಗೆ ಇದೊಂದು ತಪಸ್ಸಿನ ಕಾಲವೆಂದು ಅನೇಕರು ಹೇಳಿದರು. ಅಡ್ಯಾರಿನಲ್ಲಿರುವ ನನ್ನ ಚಿತ್ರಕಾರ ಮಿತ್ರರೊಬ್ಬರು ಜೀವನವಿಡೀ ಬಿಡುವಿಗಾಗಿ ಹಲುಬಿದವರು. ಅದು ಸಿಕ್ಕಾಗ ಕುಂಚ ಮುಟ್ಟಲಾರದೆ, ಎದುರಿಗೆ ಬೇರಾರೂ ಇಲ್ಲವೆಂದು ತಮ್ಮ ಪಾದಗಳನ್ನೇ ಚಿತ್ರಿಸುತ್ತ ಕೂತರು. ಫೋನಿನಲ್ಲಿ ಅವರು, ನನ್ನ ಎಡಗಾಲು ಇಷ್ಟು ಚೆಲುವಾಗಿದೆಯೆಂದು ಗೊತ್ತಿರಲಿಲ್ಲ ಎಂದು ನಕ್ಕಾಗ ನಾನೂ ನಕ್ಕೆ. ಆದರೆ ಫೋನಿಟ್ಟ ಮೇಲೆ ಯೋಚಿಸಿದೆ: ಏಕಾಂತ ಹಿತವಾಗುವುದು ಬಾಗಿಲಾಚೆ ಜನರಿದ್ದಾಗ, ಬೇಕೆಂದಾಗ ಎದ್ದು ಅವರಲ್ಲಿಗೆ ಹೋಗಬಹುದು ಎಂದಿದ್ದಾಗ. ನನ್ನ ಕಸುಬಿಗಂತೂ ಇನ್ನೊಂದು ಉಸಿರು ಪಕ್ಕದಲ್ಲಿರಲೇಬೇಕು.

ಕೊನೆಯ ದಿನ ಮಧ್ಯಾಹ್ನ ನಾನು ಇವರನ್ನು ಕರೆದೆ. ಬೀರುವಿನೊಳಗೆ ಬನ್ನಿ, ನನ್ನ ಕೈ ಹಿಡಿದುಕೊಂಡು ತಾಯಿಯ ಮಾತು ಓದಿ, ನಿಮ್ಮ ಮಾತನ್ನು ಆಮೇಲೆ ಕತ್ತರಿಸುತ್ತಾರೆ ಎಂದೆ. ಇವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಎಂತ ಮಾರಾಯ್ತಿ, ನಾನು ಅಮ್ಮ ಆಗುವುದಾ?"

ಆದರೂ ಬಂದರು. ಇಬ್ಬರು ಮಧ್ಯವಯಸ್ಕರು ಒಂದು ಬೀರುವಿನಲ್ಲಿ ಮಂಡಿಗೆ ಮಂಡಿ ತಾಗಿಸಿ ಕೂರುವುದು ಸುಲಭದ ಸಾಹಸವಲ್ಲ. ಬಸ್ಸಿನ ಕಂಬಿ ಹಿಡಿದ ಹಾಗೆ ನನ್ನ ಮಣಿಕಟ್ಟನ್ನು ಬಿಗಿಯಾಗಿ ಹಿಡಿದು ಓದಿದರು: ಊಟ ಮಾಡಿಕೊಂಡು ಹೋಗು ಮಗಳೇ. ಸರಕು ತುಂಬಿದ ಹಡಗು ಹೊರಡುವ ವರದಿಯಂತಿತ್ತು ಅದು. ನನಗೆ ತಡೆಯಲಾರದ ನಗು. ಇವರಿಗೂ ನಗು. ಸೀರೆಗಳ ನಡುವೆ ಉಸಿರುಗಟ್ಟುವಷ್ಟು ನಕ್ಕೆವು. ಗೋಡೆಯಾಚೆ ಮಾಮಿ ಏನೆಂದುಕೊಂಡರೋ. ಎರಡನೆಯ ಸಲವೂ ಅದೇ ವರದಿ. ಅಷ್ಟರಲ್ಲಿ ಕೆಳಗಿನ ರಸ್ತೆಯಲ್ಲಿ ಆಂಬುಲೆನ್ಸ್ ಕೂಗುತ್ತ ಹೋಯಿತು. ಆ ಸದ್ದು ಬಂದಾಗ ಮುದ್ರಣ ನಿಲ್ಲಿಸಿ, ಅದು ಪೂರ್ತಿ ದೂರವಾಗುವವರೆಗೆ ತಲೆ ತಗ್ಗಿಸಿ ಕೂರುವುದು ನನಗೆ ಅಭ್ಯಾಸವಾಗಿತ್ತು. ಇವರೂ ಹಾಗೇ ಕೂತರು. ನಗು ಎಲ್ಲಿಗೋ ಹೋಯಿತು.

ಇವರ ತಾಯಿ ಆಗ ಕುಂದಾಪುರದಲ್ಲಿ, ಇವರ ಅಣ್ಣನ ಮನೆಯಲ್ಲಿ. ಹೋಗೋಣವೆಂದರೆ ದಾರಿಗಳೆಲ್ಲ ಮುಚ್ಚಿದ್ದವು. ಅತ್ತೆ ದಿನಕ್ಕೊಮ್ಮೆ ಫೋನಿನಲ್ಲಿ ಮಗನನ್ನು ಉಂಡೆಯಾ ಎಂದು ಕೇಳಿ, ಉತ್ತರಕ್ಕೆ ಕಾಯದೆ ಇಟ್ಟುಬಿಡುತ್ತಿದ್ದರು. ಮೂರನೆಯ ಸಲ ನಾನು ಮೈಕು ಹಾಕಿದಾಗ ಇವರು ಹಾಳೆಯನ್ನು ನೋಡಲೇ ಇಲ್ಲ.

"ಉಂಡ್ಕಂಡ್ ಹೋಗ್ ಮಗಾ," ಎಂದರು. "ಹಸ್ಕಂಡ್ ಇಪ್ಪುಕಾಗ."

ಹಸಿದುಕೊಂಡು ಇರಬಾರದು ಎನ್ನುವ ಆ ಕುಂದಾಪುರದ ಮಾತು ನನ್ನೆದುರಿನ ಪರದೆಯ ಮೇಲಿದ್ದ ತುಟಿಗಳಿಗೆ ಒಂದಿಷ್ಟೂ ಹೊಂದುತ್ತಿರಲಿಲ್ಲ. ಆದರೆ ನನ್ನ ಮಣಿಕಟ್ಟಿನ ಮೇಲಿನ ಬೆರಳುಗಳು ತಾವಾಗಿಯೇ, ಯಾರೂ ಹೇಳಿಕೊಡದೆ, ಒಮ್ಮೆ ಒತ್ತಿದವು. ಹೋಗಿ ಬರ್ತೀನಮ್ಮ ಎಂದೆ ನಾನು. ಅಳಲು ಪ್ರಯತ್ನಿಸಲಿಲ್ಲ; ಅಳದಿರಲು ಪ್ರಯತ್ನಿಸಿದೆ, ಮಾತಿನ ಕೊನೆ ತಾನಾಗಿ ಒಡೆಯಿತು. ಅಷ್ಟು ವರ್ಷ ಸಂಸಾರ ಮಾಡಿದರೂ ಇವರು ತಾಯಿಯನ್ನು ಇಷ್ಟು ಹಂಬಲಿಸುತ್ತಿದ್ದಾರೆಂದು ನನಗೆ ತಿಳಿದಿರಲಿಲ್ಲ. ನನ್ನ ಕೆಲಸ ಹೀಗಿರುತ್ತದೆಂದು ಇವರಿಗೂ ತಿಳಿದಿರಲಿಲ್ಲ. ಬೆವರು ಸುರಿಸುತ್ತ ಇಬ್ಬರೂ ಸ್ವಲ್ಪ ಹೊತ್ತು ಬೀರುವಿನಲ್ಲೇ ಕೂತಿದ್ದೆವು.

ಆ ಮುದ್ರಣ ಹಿಂದಕ್ಕೆ ಬರಲಿಲ್ಲ. ಪಾತ್ರ ನನ್ನಲ್ಲೇ ಉಳಿಯಿತು. ಆ ಕಂತು ಪ್ರಸಾರವಾದ ಸಂಜೆ ಸರಸಕ್ಕನ ಫೋನ್ ಬಂತು. ಮೂರು ತಲೆಮಾರಿನಿಂದ ಇದೇ ಊರಿನಲ್ಲಿರುವ ಅವರ ಕನ್ನಡಕ್ಕೆ ತಮಿಳಿನ ಒಗ್ಗರಣೆ ಇದ್ದೇ ಇರುತ್ತದೆ; ಮುದ್ದು ಬಂದಾಗ ನಾನು ಅವರಿಗೆ ‘ಕಣ್ಣು’.

"ಯಾರೋ ಕೈ ಹಿಡ್ಕೊಂಡಿದ್ರು ಅಲ್ವಾ ಕಣ್ಣು? ಕೇಳ್ದಾಗ್ಲೇ ಗೊತ್ತಾಗೋಯ್ತು," ಎಂದರು. ಯಾರೆಂದು ಹೇಳಿದೆ. "ಪರವಾಯಿಲ್ಲೆ, ನನ್ನ ಜಾಗಕ್ಕೆ ಒಳ್ಳೆ ಆಳನ್ನೇ ಹಾಕಿದೀಯಾ," ಎಂದರು.

ಆ ಕಾಲದಲ್ಲಿ ನಾನು ಸುಖವಾಗಿದ್ದೆ ಎಂದು ಬರೆಯಲು ಕೈ ಹಿಂಜರಿಯುತ್ತದೆ. ಕೆಳಗಿನ ರಸ್ತೆಯ ಕೂಗು ಯಾರ ಮನೆಯತ್ತ ಹೋಗುತ್ತಿತ್ತೆಂಬುದನ್ನು ಮರೆತವಳಲ್ಲ ನಾನು. ಆದರೂ ಆ ಸೆಕೆಯ ಪೆಟ್ಟಿಗೆಯಲ್ಲಿ ನನಗೊಂದು ಸುಖ ಸಿಕ್ಕಿದ್ದು ನಿಜ, ಅದನ್ನು ಬಚ್ಚಿಟ್ಟರೆ ಸುಳ್ಳಾಗುತ್ತದೆ.

ಈಗ ಸ್ಟುಡಿಯೋ ತೆರೆದಿದೆ. ಆದರೆ ಒಬ್ಬೊಬ್ಬರನ್ನೇ ಬೇರೆಬೇರೆ ಮುದ್ರಿಸಿ ಆಮೇಲೆ ಜೋಡಿಸುವ ಅನುಕೂಲವನ್ನು ಒಮ್ಮೆ ಕಂಡುಕೊಂಡವರು ಬಿಡುವರೇ? ಸರಸಕ್ಕ ಮಂಡಿನೋವೆಂದು ಮನೆಯಿಂದಲೇ ತಾಯಿಯಾಗುತ್ತಾರೆ; ಅಲ್ಲಿ ಅವರ ಸೊಸೆ ಕೈ ಹಿಡಿಯುತ್ತಾಳಂತೆ. ಕಠಿಣವಾದ ದೃಶ್ಯ ಬಂದರೆ ನಾನೂ ಮನೆಯಲ್ಲೇ ಮಾಡುತ್ತೇನೆಂದು ಹೇಳಿ ತಂದುಬಿಡುತ್ತೇನೆ. ಇವರು ಈವರೆಗೆ ಅತ್ತೆ, ಪೊಲೀಸು, ಮೋಸಗಾರ ಪ್ರೇಮಿ, ಒಂದು ಸಲ ಮಾತಾಡುವ ಗಿಳಿ ಕೂಡ ಆಗಿದ್ದಾರೆ. ಹಡಗಿನ ವರದಿಯ ದನಿ ಇನ್ನೂ ಪೂರ್ತಿ ಹೋಗಿಲ್ಲ.

ಕಳೆದ ದೀಪಾವಳಿಗೆ, ಬಾಗಿಲು ಮತ್ತೆ ಟಕ್ಕೆಂದಾಗ, ಈ ಸಲ ಹಲಗೆಯನ್ನು ಕೂರಿಸಿಯೇ ಬಿಡೋಣ ಎಂದು ನಾನೇ ಹೇಳಿದೆ. ಇವರು ಸ್ಕ್ರೂಡ್ರೈವರ್ ತಂದರು, ಹಲಗೆಯನ್ನು ಎತ್ತಿದರು, ಬೀರುವಿನ ಮುಂದೆ ಅದನ್ನು ಹಿಡಿದುಕೊಂಡು ಒಳಗಿನ ರಜಾಯಿಯನ್ನು ನೋಡುತ್ತ ನಿಂತರು. ಆಮೇಲೆ ಅದನ್ನು ಬಾಗಿಲ ಹಿಂದಕ್ಕೇ ಒರಗಿಸಿ, ಕನ್ನಡಕ ಒರೆಸಿಕೊಳ್ಳುತ್ತ ನನ್ನತ್ತ ತಿರುಗಿದರು.

"ಹಬ್ಬದ ಕೆಲಸ ಆಮೇಲೆ ಆಯ್ತು. ಇವತ್ತು ನಾನು ಯಾರ ಅಮ್ಮ ಮಾರಾಯ್ತಿ?"