ಚೌರಮ್ಮನವರ ಶೆಡ್ಡಿನ ಬಿಳಿ ಚಿಟ್ಟೆಗಳು

ಚಾಮರಾಜನಗರದ ರೈಲ್ವೆ ಗೇಟಿನಾಚೆ, ಚೌರಮ್ಮನವರ ರೇಷ್ಮೆ ಶೆಡ್ಡಿನಲ್ಲಿ ನಾನು ಲೆಕ್ಕ ಬರೆಯುವ ರೈಟರು. ಎಸ್ಸೆಸ್ಸೆಲ್ಸಿಯಲ್ಲಿ ಡುಮ್ಕಿ ಹೊಡೆದವನನ್ನು ನಮ್ಮ ಉಡಿಗಾಲದಲ್ಲಿ ದನ ಕಾಯುವುದಕ್ಕೂ ನಂಬುತ್ತಿರಲಿಲ್ಲ. ಇಲ್ಲಿ ಕುರ್ಚಿ ಕೊಟ್ಟು ಕೂರಿಸಿದರು. ಅದರ ಒಂದು ಕಾಲು ಮುರಿದಿತ್ತು. ಆ ಕಾಲಿನ ಕೆಲಸವನ್ನು ನನ್ನ ಗತ್ತು ಮಾಡುತ್ತಿತ್ತು.

ಚೌರಮ್ಮನವರು ಕಿರಸ್ತಾನರು. ಗಂಡ ತೀರಿಕೊಂಡ ಮೇಲೆ ಶೆಡ್ಡನ್ನು ತಾವೇ ನಡೆಸಿಕೊಂಡು ಬಂದವರು. ಬೆಳಿಗ್ಗೆ ಒಲೆ ಹೊತ್ತಿದ ಮೇಲೆ ಶಿಲುಬೆ ಗುರುತು ಹಾಕಿಕೊಂಡು, ಗೂಡು ಬೇಯುವ ಬಾಣಲೆಯ ಬಿಸಿನೀರಿಗೆ ಮೊದಲು ತಮ್ಮ ಬೆರಳನ್ನೇ ಅದ್ದುವರು. ಆಮೇಲೆಯೇ ಹೆಂಗಸರು ಎಳೆ ಹುಡುಕಿ ಚರಕಕ್ಕೆ ಕೊಡಬೇಕು.

“ನೀವು ಒಡೆಯರು. ನಿಮಗ್ಯಾಕೆ ಇದು, ಅಮ್ಮಾವ್ರೆ?” ಎಂದು ಒಮ್ಮೆ ಕೇಳಿದೆ.

“ಒಡೆಯ ಮೇಲವ್ನೆ ಕಣಪ್ಪ. ನಂದು ಪಾರುಪತ್ಯ ಅಷ್ಟೆ. ನಾಳೆ ಅವ್ನು ಲೆಕ್ಕ ಕೇಳುವಾಗ ನೂಲೆಷ್ಟು ಅನ್ನಾಕಿಲ್ಲ. ನೂಲು ಬಿಚ್ಚಿದೋರ ಕೈ ಎಂಗಿದ್ವು ಅಂತಾನೆ.”

ಲೆಕ್ಕ ನನ್ನ ಇಲಾಖೆ ಎಂದುಕೊಂಡು ಒಳಗೇ ನಕ್ಕೆ.

ಐವತ್ತಾರರ ಆಷಾಢದಲ್ಲಿ ಅವರು ತಮ್ಮ ಹುಣಸೆ ತೋಪು ಮಾರಿ, ತೆರಕಣಾಂಬಿ ಕಡೆಯಿಂದ ಶೆಡ್ಡು ತುಂಬ ಗೂಡು ತರಿಸಿದರು. ಒಳಗಿನ ಹುಳು ಸಾಯಬೇಕಾದರೆ ಗೂಡಿಗೆ ಕಡು ಬಿಸಿಲು ಬೇಕು. ಹಬೆಯಲ್ಲಿ ಹುಳು ಕೊಲ್ಲುವ ಪೆಟ್ಟಿಗೆ ನಮ್ಮಲ್ಲಿರಲಿಲ್ಲ. ಮೋಡ ಕದಲಲೇ ಇಲ್ಲ. ಬದುಕಿದ ಹುಳು ಚಿಟ್ಟೆಯಾಗಿ ಗೂಡು ತೂತು ಮಾಡಿಕೊಂಡು ಬರುತ್ತದೆ, ತೂತಾದ ಗೂಡಿನಿಂದ ಎಳೆ ಬಾರದು. ಅಷ್ಟರೊಳಗೆ ಬಿಚ್ಚಿ ಮುಗಿಸಬೇಕು, ಇಲ್ಲವೇ ತೋಪಿನ ಜೊತೆಗೆ ಶೆಡ್ಡೂ ಹೋಗಬೇಕು.

ಹೆಂಗಸರು ಮೇಲೇಳದೆ ಕೂತರು. ಬೆರಳ ಸಂದಿ ಬೆಂದು, ಬಿಳಿಚಿ, ಒಡೆಯಿತು. ಮಧ್ಯಾಹ್ನ ಚಿಕ್ಕನಿಂಗಮ್ಮನಿಗೆ ಮುದ್ದೆ ಮುರಿಯಲಾಗಲಿಲ್ಲ. ಪಕ್ಕದ ಮಲ್ಲಿಗಮ್ಮ ತುತ್ತು ಮಾಡಿ ಬಾಯಿಗಿಟ್ಟಳು.

“ನನ್ ಮದ್ವೇಲೂ ಇಂಗೆ ಯಾರೂ ಉಣ್ಸಿರ್ನಿಲ್ಲ ಕಣಮ್ಮಿ” ಎಂದಳು ಚಿಕ್ಕನಿಂಗಮ್ಮ. ಎಲ್ಲರೂ ನಕ್ಕರು, ನಾನೂ ನಕ್ಕೆ. ಚೌರಮ್ಮನವರು ನಗಲಿಲ್ಲ. ಚಿಕ್ಕನಿಂಗಮ್ಮನ ಮಣೆಯ ಮೇಲೆ ತಾವೇ ಕೂತು ಬಹಳ ಹೊತ್ತು ನೂಲು ಬಿಚ್ಚಿದರು. ಎದ್ದು ತಮ್ಮ ಕೈ ನೋಡಿಕೊಂಡರು. ಒಲೆಯ ಸೌದೆಯನ್ನು ಹೊರಕ್ಕೆಳೆದು ನೀರು ಸುರಿದರು.

“ಕೈ ವಾಸಿಯಾಗೋಗಂಟ ಒಲೆ ಅಚ್ಚಬ್ಯಾಡಿ. ಕೂಲಿ ನಿಲ್ಲಾಕಿಲ್ಲ.”

ನನ್ನ ಕಣ್ಣಿಗೆ ಕಂಡದ್ದು ನನ್ನ ಕುರ್ಚಿ. “ಪುಣಜನೂರಿಂದ ಬೇರೆ ಹೆಂಗಸರನ್ನ ಕರ್ಕಬತ್ತೀನಿ, ಅಮ್ಮಾವ್ರೆ.”

“ಅವ್ರಿಗೇನು ಮರದ ಬೆರಳೇನ್ಲಾ?”

“ರೈಟರಯ್ಯನ್ನೇ ಕೂರ್ಸಿ” ಎಂದಳು ಮಲ್ಲಿಗಮ್ಮ. “ಪೆನ್ನು ಕಚ್ಚಿರಾದು ಬುಟ್ರೆ ಇನ್ಯಾವ್ ಗಾಯ್ವೂ ಇಲ್ಲ.”

ಆಮೇಲೆ ಒಂದು ಬೆಳಿಗ್ಗೆ ಬೀಗ ತೆಗೆದವನು ಬಾಗಿಲಲ್ಲೇ ನಿಂತುಬಿಟ್ಟೆ. ಗೂಡು ಹರಡಿದ್ದ ತಟ್ಟೆ, ಚರಕ, ಗೋಡೆ, ನನ್ನ ಕುರ್ಚಿಯ ಮುರಿದ ಕಾಲು, ಎಲ್ಲದರ ಮೇಲೂ ಬಿಳಿ ಚಿಟ್ಟೆ. ಹಾರಲು ಬಾರದ ರೆಕ್ಕೆಗಳನ್ನು ಬಡಿಯುತ್ತಿದ್ದವು. ಜಡಿಮಳೆ ದೂರದಲ್ಲಿ ಬಿದ್ದಂತೆ ಸದ್ದು. ವರ್ಷಗಳಿಂದ ರೇಷ್ಮೆಯ ಅನ್ನ ತಿಂದವನು ನಾನು. ಬೆಂದ ಹುಳುವಿನ ನಾತ ಗೊತ್ತಿತ್ತು. ಅದಕ್ಕೆ ಇಂಥ ರೆಕ್ಕೆ ಇರುತ್ತದೆಂದು ಅಂದೇ ಕಂಡದ್ದು. ಚಪ್ಪಲಿ ಯಾವಾಗ ಬಿಟ್ಟೆನೋ ತಿಳಿಯದು.

ಚೌರಮ್ಮನವರು ಬಂದರು, ಹಿಂದೆ ಹೆಂಗಸರು. ಅಳುತ್ತಾರೆಂದುಕೊಂಡೆ. ಅವರು ಶಿಲುಬೆ ಗುರುತು ಹಾಕಿಕೊಂಡು, ಚಿಕ್ಕನಿಂಗಮ್ಮನ ಕೈ ಹಿಡಿದು ಬೆಳಕಿಗೆ ತಿರುಗಿಸಿ ನೋಡಿದರು.

“ಹೊಸ ಚರ್ಮ ಬತ್ತಾ ಅದೆ” ಎಂದರು, ಅಷ್ಟೆ.

ಆ ಕೈಯ ಮೇಲೆ ಒಂದು ಚಿಟ್ಟೆ ಹತ್ತಿತು. ಯಾರೂ ಓಡಿಸಲಿಲ್ಲ.

ಅರ್ಧ ಚರಕಗಳನ್ನು ಮಾರಿದರು. ಮಿಕ್ಕವುಗಳ ಮುಂದೆ ಅದೇ ಹೆಂಗಸರು ಸರದಿಯಂತೆ ಕೂರುತ್ತಾರೆ, ಒಬ್ಬರನ್ನೂ ಬಿಡಿಸಲಿಲ್ಲ. ಕುರ್ಚಿಯೂ ಹೋಯಿತು, ಕೊಂಡವನು ಪಾಪ. ನಾನೀಗ ನೆಲದ ಮೇಲೆ. ಬೆಳಿಗ್ಗೆ ಬಾಣಲೆಗೆ ಅಮ್ಮಾವ್ರ ಬೆರಳು ಇಳಿದ ಮೇಲೆ, ಎರಡನೆಯದು ನನ್ನದು.