ಮರುಭೂಮಿ ಹೂವಿನ ಪಾತಿ

ದೊಡ್ಡಬೆಳವಂಗಲದ ಹತ್ತಿರದ ನಮ್ಮ ಮನೆಯ ಮುಂದೆ ಒಂದು ಪಾತಿಯಷ್ಟು ಮಣ್ಣು ಉಳಿದಿತ್ತು. ಮಿಕ್ಕ ಅಂಗಳಕ್ಕೆಲ್ಲ ಟೈಲ್ಸ್ ಬಿದ್ದಾಗಿತ್ತು. ನನ್ನ ಗಂಡ ಹಳೇ ಕಾರೊಂದನ್ನು ತಂದ ದಿನದಿಂದ ಆ ಮಣ್ಣು ಅವರ ಕಣ್ಣಿಗೆ ಚುಚ್ಚತೊಡಗಿತು. ಸಿಮೆಂಟ್ ಹಾಕಿಸಿದರೆ ಕಾರಿಗೆ ಜಾಗವಾಗುತ್ತದೆ. ಕಾರಿಗೆ ಜಾಗ ಬೇಕು, ನಿಜ. ನನಗೂ ಒಂದು ಜಾಗ ಬೇಕಿರಬಹುದು ಎಂದು ಆ ಮನೆ ಕಟ್ಟಿದವರಿಗೆ ಯಾವತ್ತೂ ಹೊಳೆದಿರಲಿಲ್ಲ. ಸಂಜೆ ಅಲ್ಲಿ ಕೂತು ಮಣ್ಣು ಕೆದಕುವ ಹೊತ್ತೊಂದನ್ನು ಬಿಟ್ಟರೆ, ದಿನವೆಲ್ಲ ನಾನು ಯಾರಿಗೋ ಏನನ್ನೋ ಬಡಿಸುತ್ತಲೇ ಇರುತ್ತೇನೆ.

ಅಲ್ಲಿ ಗುಲಾಬಿ ಹಾಕುತ್ತೇನೆ ಎಂದೆ. "ಟ್ಯಾಂಕರ್ ನೀರಲ್ಲಿ ಗುಲಾಬಿ ಬೆಳೀತಾಳಂತೆ! ನೀರಿಲ್ದೆ ಏನಾದ್ರೂ ಹೂವು ಬಿಡ್ಸು, ನೋಡಣ. ದೀಪಾವಳಿವರೆಗೂ ಟೈಮು. ಇಲ್ದಿದ್ರೆ ಹಬ್ಬ ಆದ್ಮೇಲೆ ಗಾರೆಯವನು ಬರ್ತಾನೆ" ಎಂದರು ಗಂಡ, ಮಹಾರಾಜರು ವರ ಕೊಡುವ ಧಾಟಿಯಲ್ಲಿ.

ಫೋನಿನಲ್ಲೇ ಬೀಜ ತರಿಸಿದೆ. ಪೊಟ್ಟಣದ ಮೇಲೆ ಹಳದಿ ಹೂವಿನ ಚಿತ್ರ. ಯಾವುದೋ ದೂರದ ಮರುಭೂಮಿಯ ಕಾಡುಹೂವಂತೆ. ನೀರು ಹೆಚ್ಚು ಬೇಡ, ಗೊಬ್ಬರ ಬೇಡ, ಆರೈಕೆ ಬೇಡ, ಎಂಥ ಬಿಸಿಲಿಗೂ ನಗುತ್ತಲೇ ಇರುತ್ತದಂತೆ. ನಮ್ಮ ಕಡೆ ಸೊಸೆ ಹುಡುಕುವವರು ಕೇಳುವುದೂ ಇದನ್ನೇ.

ಗೊಬ್ಬರ ಬೇಡ ಎಂದು ದಪ್ಪಕ್ಷರದಲ್ಲೇ ಇತ್ತು. ಆದರೆ ಬರೀ ಮಣ್ಣಿಗೆ ಬೀಜ ಹಾಕಲು ನಮ್ಮೂರಿನವರಿಗೆ ಕೈ ಬರುತ್ತದೆಯೇ? ಪಕ್ಕದ ಹೊಲದಲ್ಲಿ ಕುರಿಮಂದೆ ನಿಲ್ಲಿಸಿದ್ದರು. ಅಲ್ಲಿಂದ ಒಂದೆರಡು ಮಂಕರಿ ಗೊಬ್ಬರ ಹೊತ್ತು ತಂದು ಸುರಿದೆ. ಅಷ್ಟು ದೂರದಿಂದ ಬಂದ ಅತಿಥಿ ನಮ್ಮ ಮನೆಯಲ್ಲಿ ಉಪವಾಸ ಇರಬಾರದಲ್ಲ.

ಸಸಿಗಳು ಎದ್ದು ನೆಲಕ್ಕಂಟಿ ಹರಡಿದವು. ಗಿಡ ಗುರುತಿಸುವ ಆಪ್‌ಗೆ ಫೋಟೊ ತೋರಿಸಿದೆ. ಮೊದಲು ಕಡಲೆಗಿಡ ಎಂದಿತು, ಆಮೇಲೆ ಮುಟ್ಟಿದರೆ ಮುನಿ ಎಂದಿತು. ನನ್ನ ಚಪ್ಪಲಿಯ ತುದಿ ಫೋಟೊದೊಳಗೆ ಬಂದಾಗ ಅಣಬೆ ಎಂದಿತು. ನಾನೂ ಅಷ್ಟೇ ಬುದ್ಧಿವಂತೆ. ಪೊಟ್ಟಣದ ಚಿತ್ರದಲ್ಲಿ ಎಲೆಯೇ ಇರಲಿಲ್ಲ, ಹಾಗಾಗಿ ಕಂಡ ಎಲೆಯೆಲ್ಲ ಅದರದೇ ಎಂದು ನಂಬಿಬಿಟ್ಟೆ.

ಹಬ್ಬ ಹತ್ತಿರವಾದಂತೆ ಪುಟ್ಟ ಹಳದಿ ಹೂವುಗಳು ಅರಳಿದವು. ನಾನು ಕುಣಿಯುವುದೊಂದು ಬಾಕಿ. ಕೆಲವು ದಿನ ಕಳೆದು ಬರಿಗಾಲಲ್ಲಿ ಪಾತಿಗೆ ಇಳಿದೆ. ಹಿಮ್ಮಡಿಗೆ ಚುಚ್ಚಿದ ಕೂಡಲೇ ಗೊತ್ತಾಯಿತು, ನೆಗ್ಗಿಲು ಮುಳ್ಳು! ಚಿಕ್ಕಂದಿನಲ್ಲಿ ಹೊಲದ ದಾರಿಯುದ್ದಕ್ಕೂ ಕಾಲಿನಿಂದ ಕಿತ್ತುಕೊಂಡದ್ದು ಇದನ್ನೇ. ಮುಳ್ಳಿಗೆ ಶಾಪ ಹಾಕುವ ಅವಸರದಲ್ಲಿ ಅದಕ್ಕೂ ಒಂದು ಹೂವಿದೆಯೆಂದು ಬಗ್ಗಿ ನೋಡಿರಲಿಲ್ಲ, ಅಷ್ಟೇ. ಕುರಿಗಳು ಮೈಗೆ ಅಂಟಿಸಿಕೊಂಡು ಬಂದು ಗೊಬ್ಬರದಲ್ಲಿ ಉದುರಿಸಿದ್ದವು. ಮರುಭೂಮಿಯ ಬೀಜ ಒಂದೂ ಎದ್ದಿರಲಿಲ್ಲ.

ಯಾರಿಗೂ ಹೇಳಲಿಲ್ಲ. ಅತ್ತೆಗಂತೂ ಹೇಳುವ ಮಾತೇ ಇಲ್ಲ. ನಾನು ಮಾಡುವ ಸಾರಿನಿಂದ ಹಿಡಿದು ಸೀರೆ ಮಡಿಸುವ ರೀತಿಯವರೆಗೆ ಅವರಿಗೆ ಒಪ್ಪಿಗೆಯಾದದ್ದು ಯಾವುದೂ ಇರಲಿಲ್ಲ.

ಹಬ್ಬದ ಬೆಳಗ್ಗೆ ನಮ್ಮಲ್ಲಿ ಸಗಣಿ ಉಂಡೆಗೆ ಹಳದಿ ಹುಚ್ಚೆಳ್ಳು ಹೂವು ಸಿಕ್ಕಿಸಿ ಹೊಸಿಲ ಪಕ್ಕ ಇಡುತ್ತೇವೆ. ಹುಚ್ಚೆಳ್ಳು ಬೆಳೆಯುವ ಹೊಲ ಈಗ ಸುತ್ತಮುತ್ತ ಇಲ್ಲ. ನಾನು ಎದ್ದು ಬರುವಷ್ಟರಲ್ಲಿ ಅತ್ತೆ ಉಂಡೆಗಳನ್ನು ಇಟ್ಟಾಗಿತ್ತು. ಒಂದೊಂದರ ಮೇಲೂ ನನ್ನ ಪಾತಿಯ ಹೂವು.

ಗಂಡ ಪಾತಿಯನ್ನೇ ದಿಟ್ಟಿಸುತ್ತ ನಿಂತರು. "ಅಮ್ಮಾ, ಇದ್ಯಾಕೋ ಕಳೆ ಇದ್ದಂಗಿದೆ. ಗಾರೆಯವನಿಗೆ ಹೇಳ್ಬಿಡ್ತೀನಿ."



"ಕಳೆನಾ?" ಅತ್ತೆ ಸೊಂಟದ ಮೇಲೆ ಕೈಯಿಟ್ಟರು. "ಪೂಜೆಗಿಟ್ಟಿದೀನಿ ಕಣೋ. ದೇವ್ರಿಗೇರಿಸಿದ ಹೂವಿನ ಗಿಡದ ಮೇಲೆ ಸಿಮೆಂಟ್ ಸುರೀತೀಯಾ? ಫಾರಿನ್ ಹೂವು ಅದು, ನಿಂಗೇನ್ ಗೊತ್ತು!"

ಫಾರಿನ್ ಎಂದ ಮೇಲೆ ಗಂಡ ಸಿಮೆಂಟಿನ ಆಸೆ ಬಿಟ್ಟರು. ಗಾರೆಯವನು ಬರಲಿಲ್ಲ, ಕಾರು ಬೀದಿಯಲ್ಲೇ ಉಳಿಯಿತು.

ಪಾಪ, ಅತ್ತೆಯೂ ಮೋಸಹೋದರು ಎಂದು ಒಳಗೊಳಗೇ ಬೀಗುತ್ತ ಹಿತ್ತಲಿಗೆ ಹೋದೆ. ಅತ್ತೆ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು, ಪಾದವನ್ನು ತೊಡೆಯ ಮೇಲಿಟ್ಟುಕೊಂಡು, ಪಿನ್ನಿನಿಂದ ನೆಗ್ಗಿಲು ಮುಳ್ಳು ತೆಗೆಯುತ್ತಿದ್ದರು. ಅವರಿಗೆ ಎಲ್ಲ ಗೊತ್ತಿತ್ತು.

"ಅದೇ ಜಾಗದ ಪಕ್ಕ ನಂದೂ ಒಂದು ಬದ್ನೆಕಾಯಿ ಪಾತಿ ಇತ್ತು ಕಣಮ್ಮಾ" ಎಂದರು ತಲೆ ಎತ್ತದೆ. "ನಿಮ್ಮಾವ ಚಪ್ಪಡಿ ಹಾಸ್ಬಿಟ್ರು. ನನ್ ಪರವಾಗಿ ಒಂದ್ ಸುಳ್ಳು ಹೇಳೋರೂ ಇರ್ಲಿಲ್ಲ."

ಪಿನ್ನು ಇಸಕೊಂಡು ಅವರ ಪಾದವನ್ನು ನನ್ನ ತೊಡೆಯ ಮೇಲೆ ಎಳೆದುಕೊಂಡೆ.